ನೋಟಿನ ಮೇಲೆ ಫೋರ್ಜರಿ ಕೈದಿಯ ಮುಖ! ಸಿಡ್ನಿಗೆ ಗಡಿಪಾರಾದವರು ಬದುಕಿದ್ದು ಹೇಗೆ?

[ಪರದೆಯ ಮೇಲೆ: ಹಳೇ 10 ಡಾಲರ್ ನೋಟು]

ನಮಸ್ಕಾರ. ಈ ನೋಟು ನೋಡಿ. 1966ರಲ್ಲಿ ಬಂದ ಆಸ್ಟ್ರೇಲಿಯಾದ 10 ಡಾಲರ್. ಇದರಲ್ಲಿರುವ ಮುಖ ಫ್ರಾನ್ಸಿಸ್ ಗ್ರೀನ್‌ವೇ ಅನ್ನುವವನದು. ಇಂಗ್ಲೆಂಡಿನಿಂದ ಇವನನ್ನು ಯಾಕೆ ಗಡಿಪಾರು ಮಾಡಿದರು ಗೊತ್ತಾ? ಫೋರ್ಜರಿ! ಕಾಗದಪತ್ರದಲ್ಲಿ ಕೈಚಳಕ ತೋರಿಸಿ ಸಿಕ್ಕಿಬಿದ್ದವನು. ಅವನನ್ನೇ ತಂದು ನೋಟಿನ ಮೇಲೆ ಕೂರಿಸಿದ್ದರು. ನಮ್ಮಲ್ಲಿ ಹೀಗೆ ಮಾಡಿದ್ರೆ... ಬೇಡ ಬಿಡಿ.

ಕೈದಿಯಾಗಿ ಹೋದವರು ಅಲ್ಲಿ ಊರಿನವರಾಗಿದ್ದು ಹೇಗೆ?

ಹಿನ್ನೆಲೆ ಬೇಗ ಮುಗಿಸ್ತೀನಿ. ಇಂಗ್ಲೆಂಡಿನ ಜೈಲುಗಳು ತುಂಬಿದ್ದವು, ಕೈದಿಗಳನ್ನು ಸಾಗಹಾಕುತ್ತಿದ್ದ ಅಮೆರಿಕ ಕೈತಪ್ಪಿತ್ತು. 1787ರ ಮೇ 13ಕ್ಕೆ 11 ಹಡಗು ಹೊರಟವು. 1788ರ ಜನವರಿ 26ಕ್ಕೆ ಸಿಡ್ನಿ ಕೋವ್‌ನಲ್ಲಿ ಲಂಗರು. ಇಳಿದ ಕೈದಿಗಳು ಏಳುನೂರಕ್ಕೂ ಜಾಸ್ತಿ.

ಇಳಿದು ನೋಡಿದ್ರೆ ಜೈಲೇ ಇಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ. ಓಡಿಹೋಗಿ ಎಲ್ಲಿಗೆ ಹೋಗ್ತೀರಾ? 1791ರಲ್ಲಿ ಸುಮಾರು ಇಪ್ಪತ್ತು ಜನ ಐರಿಷ್ ಕೈದಿಗಳು ಉತ್ತರಕ್ಕೆ ನಡೆದರೆ ಚೀನಾ ಸಿಗುತ್ತೆ ಅಂತ ನಿಜವಾಗ್ಲೂ ಹೊರಟೇಬಿಟ್ಟರು. ಆಗ ಗೂಗಲ್ ಮ್ಯಾಪ್ ಇರಲಿಲ್ಲ ಪಾಪ.

ಮನೆ ಕಟ್ಟೋಕೆ ಇಟ್ಟಿಗೆ ಸುಟ್ಟರು. ಸುಣ್ಣದ ಕಲ್ಲು ಸಿಗಲಿಲ್ಲ. ದಡದಲ್ಲಿ ಚಿಪ್ಪು ಆರಿಸಿ ತಂದು ಸುಟ್ಟು ಸುಣ್ಣ ಮಾಡಿದರು. ಕರಾವಳಿಯವರಿಗೆ ಚಿಪ್ಪಿನ ಸುಣ್ಣ ಗೊತ್ತೇ ಇರುತ್ತೆ. ಆದರೆ ಸಿಡ್ನಿಯಲ್ಲಿ ಆ ಚಿಪ್ಪಿನ ರಾಶಿಗಳು ಸುಮ್ನೆ ಬಿದ್ದಿದ್ದಲ್ಲ. ಗಡಿಗಲ್ ಅನ್ನೋ ಬುಡಕಟ್ಟಿನವರು ಮತ್ತು ಅಕ್ಕಪಕ್ಕದ ಮೂಲನಿವಾಸಿಗಳು ತಲೆತಲಾಂತರದಿಂದ ಅಲ್ಲೇ ಕೂತು ಉಂಡು ಬಿಟ್ಟಿದ್ದು. ಅದನ್ನೇ ಸುಟ್ಟು ಅವರದೇ ನೆಲದಲ್ಲಿ ಗೋಡೆ ಎಬ್ಬಿಸಿದರು. 1789ರಲ್ಲಿ ಸಿಡುಬು ಬಂತು, ಆ ಜನರಲ್ಲಿ ಬಹಳ ಮಂದಿ ಸತ್ತರು. ಆದ್ದರಿಂದ "ಖಾಲಿ ನಾಡಿಗೆ ಹೋಗಿ ಗೆದ್ದರು" ಅಂತ ಕಾಮೆಂಟ್ ಹಾಕಬೇಡಿ.

ಚಹಾ ಇಲ್ಲ. ಅಲ್ಲಿನದೇ ಒಂದು ಬಳ್ಳಿಯ ಎಲೆ ಕುದಿಸಿದರು. ಸಕ್ಕರೆ ಹಾಕದೇ ಸಿಹಿ! ಅದಕ್ಕೆ 'ಸ್ವೀಟ್ ಟೀ' ಅಂತಲೇ ಹೆಸರಾಯ್ತು.

ಈಗ ನನಗೆ ತುಂಬಾ ಇಷ್ಟವಾದ ಕಥೆ. ಹೆನ್ರಿ ಕೇಬಲ್, ಸುಸಾನಾ ಹೋಮ್ಸ್. ಇಬ್ಬರೂ ಕಳ್ಳತನದ ಕೈದಿಗಳು. ನಾರ್ವಿಚ್ ಜೈಲಿನಲ್ಲೇ ಪ್ರೀತಿ, ಅಲ್ಲೇ ಮಗು. ತಾಯಿಯನ್ನು ಹಡಗಿಗೆ ಒಪ್ಪಿಸುವಾಗ "ಕೂಸಿಗೆ ಆದೇಶ ಇಲ್ಲ" ಅಂದರು. ಜೊತೆಗಿದ್ದ ಜೈಲು ಕಾವಲುಗಾರನಿಗೆ ಕರುಳು ಚುರುಕ್ ಅಂತು. ಕೂಸನ್ನು ಎತ್ತಿಕೊಂಡು ಸೀದಾ ಲಂಡನ್ನಿಗೆ ಹೋಗಿ ಮಂತ್ರಿ ಲಾರ್ಡ್ ಸಿಡ್ನಿಯನ್ನೇ ಹಿಡಿದು, ಮೂವರಿಗೂ ಒಟ್ಟಿಗೆ ಹೋಗಲು ಅನುಮತಿ ತಂದ. ಸುದ್ದಿ ಓದಿದ ಜನ ಕರಗಿ ದುಡ್ಡು ಹಾಕಿ, ಬಟ್ಟೆಬರೆಯ ಒಂದು ಗಂಟು ಕಟ್ಟಿ ಕಳಿಸಿದರು. ಸಿಡ್ನಿಗೆ ಬಂದು ನೋಡಿದ್ರೆ ಗಂಟಿಲ್ಲ! ಕಳ್ಳರ ಗಂಟೇ ಮಾಯ. ಮರಣದಂಡನೆ ತಪ್ಪಿಸಿಕೊಂಡು ಬಂದ ಇಂಥ ಕೈದಿಗಳು ಇಂಗ್ಲೆಂಡಿನಲ್ಲಾಗಿದ್ರೆ ಕೋರ್ಟಿಗೆ ಹೋಗೋ ಹಾಗೇ ಇರಲಿಲ್ಲ. ಇಲ್ಲಿ 1788ರ ಜುಲೈನಲ್ಲಿ ಹಡಗಿನ ಕ್ಯಾಪ್ಟನ್ ಮೇಲೆಯೇ ಕೇಸ್ ಹಾಕಿದರು, ಗೆದ್ದರು, 15 ಪೌಂಡ್ ಪರಿಹಾರ ತಗೊಂಡರು. ಆ ವಸಾಹತಿನ ಮೊದಲ ಸಿವಿಲ್ ಕೇಸೇ ಇದು. ಮುಂದೆ ಈ ಕೇಬಲ್ ಏನಾದ ಹೇಳಿ? ಕಾನ್‌ಸ್ಟೇಬಲ್‌ಗಳ ಮುಖ್ಯಸ್ಥ! ಆಮೇಲೆ ವ್ಯಾಪಾರಿ.

ನನಗನ್ನಿಸೋದು ಇಷ್ಟೇ: ಅಧಿಕಾರಿಗಳಿಗೆ ಕೈದಿಗಳನ್ನು ಬಿಟ್ಟರೆ ಬೇರೆ ಕೈಯೇ ಇರಲಿಲ್ಲ. ದಯೆಗಿಂತ ಗರಜೇ ಜಾಸ್ತಿ.

ಎಡಿಟರ್ ಗಡಿಯಾರ ತೋರಿಸ್ತಾ ಇದ್ದಾನೆ, ಉಳಿದಿದ್ದು ಒಂದೇ ಉಸಿರಿಗೆ. ಮೊದಲ ಬೆಳೆ ಕೆಟ್ಟು ಹಸಿವು ಶುರುವಾದಾಗ, ಜೇಮ್ಸ್ ರೂಸ್ ಅನ್ನೋ ಕೈದಿಗೆ ಸಿಡ್ನಿ ಹತ್ತಿರದ ಪ್ಯಾರಮಟ್ಟಾದಲ್ಲಿ ನೆಲ ಕೊಟ್ಟು "ಬೆಳೆದು ತೋರಿಸು" ಅಂದರು. 1791ರ ಹೊತ್ತಿಗೆ ತನ್ನ ಊಟ ತಾನೇ ಬೆಳೆದುಕೊಂಡ, 30 ಎಕರೆ ಸಿಕ್ಕಿತು. 1810ರಲ್ಲಿ ಅಧಿಕಾರ ವಹಿಸಿಕೊಂಡ ಗವರ್ನರ್ ಮಕ್ವಾರಿ ಬಿಡುಗಡೆಯಾದ ಕೈದಿಗಳನ್ನು ಊಟಕ್ಕೂ ಕರೆದ, ಹುದ್ದೆಗೂ ಕೂರಿಸಿದ. ಅಂದಹಾಗೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ಬ್ರಿಟಿಷ್ ಸೈನ್ಯದಲ್ಲಿ ಇವನೂ ಇದ್ದ!

ಗ್ರೀನ್‌ವೇಗೆ ಕಟ್ಟಡದ ಕೆಲಸ ಕೊಟ್ಟವನೂ ಇವನೇ. ಲೈಟ್‌ಹೌಸ್, ಚರ್ಚು ಎಲ್ಲಾ ಇವನ ಕೈಯಲ್ಲೇ. ಸಿಡ್ನಿಯಲ್ಲಿ ಕೈದಿಗಳಿಗೇ ಬರಾಕ್ಸ್, ಅಂದ್ರೆ ಒಟ್ಟಿಗೆ ಇರೋಕೆ ವಸತಿಗೃಹ ಬೇಕಾಯ್ತು. ಅದರ ನಕ್ಷೆಯನ್ನೂ ಈ ಕೈದಿಯೇ ಬರೆದ.

[ಪರದೆಯ ಮೇಲೆ: ಹೈಡ್ ಪಾರ್ಕ್ ಬರಾಕ್ಸ್, 1819]