ಮೊದಲು ಚಾಕರಿ, ಆಮೇಲೆ ಒಡವೆ

ಕೇಳುಗರಿಗೆ ನಮಸ್ಕಾರ. ದೊಡ್ಡ ಹೋಟೆಲ್ ತೆರೆಯಬೇಕು ಅಂತ ಆಸೆ ಇಟ್ಟುಕೊಂಡಿರುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಹತ್ತಿರ ಕರೆಯಿರಿ. ಇವತ್ತು ಮೋಹನ್ ಸಿಂಗ್ ಒಬೆರಾಯ್ ಅವರ ಬಗ್ಗೆ ಹೇಳುತ್ತೇನೆ. ನಮ್ಮ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಒಬೆರಾಯ್ ಹೋಟೆಲ್ ಇದೆಯಲ್ಲ, ಆ ಹೆಸರಿನ ಮೂಲಪುರುಷರು.

ಅವರ ಹೆಸರು ಎತ್ತಿದರೆ ಸಾಕು, "ಹೆಂಡತಿಯ ಒಡವೆ ಅಡವಿಟ್ಟು ಹೋಟೆಲ್ ಕೊಂಡವರು ಅಲ್ವಾ?" ಅಂತಾರೆ. ಹೌದು, ಅಡವಿಟ್ಟರು. 1934ರಲ್ಲಿ, ಶಿಮ್ಲಾದ ಕ್ಲಾರ್ಕ್ಸ್ ಹೋಟೆಲ್ ಕೊಳ್ಳಲು. ಆದರೆ ಒಡವೆ ಅಡವಿಟ್ಟು ಹೋಟೆಲ್ ಮಾಡಿ, ವರ್ಷದೊಳಗೆ ಬಾಗಿಲು ಹಾಕಿದವರು ನಿಮ್ಮ ಬೀದಿಯಲ್ಲೇ ಇರಬಹುದು. ಒಬೆರಾಯ್ ಒಡವೆಗೆ ಕೈ ಹಾಕುವ ಮೊದಲು 12 ವರ್ಷ ಹೋಟೆಲ್‌ನಲ್ಲಿ ಚಾಕರಿ ಮಾಡಿದ್ದರು. ಮೊದಲು ಚಾಕರಿ, ಆಮೇಲೆ ಒಡವೆ. ಇದಿಷ್ಟು ನೆನಪಿಟ್ಟುಕೊಳ್ಳಿ.

ಅವರು ಹುಟ್ಟಿದ್ದು 1898ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ. ಕೈಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ದುಡ್ಡಿಲ್ಲದೆ ಓದು ನಿಂತಿತು. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತರು. 1922ರಲ್ಲಿ ಊರಿಗೆ ಪ್ಲೇಗ್ ಬಂದಾಗ ಶಿಮ್ಲಾ ಸೇರಿ, ಸೆಸಿಲ್ ಹೋಟೆಲ್‌ನಲ್ಲಿ ಗುಮಾಸ್ತರಾದರು. ತಿಂಗಳ ಸಂಬಳ ಐವತ್ತು ರೂಪಾಯಿಯ ಆಸುಪಾಸು.

ಇಲ್ಲಿ ನನಗಿಷ್ಟದ ಒಂದು ಪ್ರಸಂಗ ಇದೆ. ಬೇಸಿಗೆ ಬಂತೆಂದರೆ ಬ್ರಿಟಿಷ್ ಸರ್ಕಾರವೇ ಬೆಟ್ಟ ಹತ್ತಿ ಶಿಮ್ಲಾಕ್ಕೆ ಹೋಗುತ್ತಿದ್ದ ಕಾಲ. ಸೆಸಿಲ್‌ಗೆ ಬರುವವರೆಲ್ಲ ದೊಡ್ಡವರೇ. ಒಮ್ಮೆ ಮೋತಿಲಾಲ್ ನೆಹರೂ ಅಲ್ಲಿ ಇಳಿದುಕೊಂಡಿದ್ದರು. ಒಂದು ಮುಖ್ಯವಾದ ವರದಿ ತುರ್ತಾಗಿ ಟೈಪ್ ಆಗಬೇಕಿತ್ತು, ತಪ್ಪಿಲ್ಲದೆ ಆಗಬೇಕಿತ್ತು. ಒಬೆರಾಯ್ ರಾತ್ರಿಯಿಡೀ ಕೂತು ಟೈಪ್ ಮಾಡಿದರು. ಬೆಳಿಗ್ಗೆ ಹಾಳೆಗಳನ್ನು ಕೈಗಿತ್ತರು. ಮೋತಿಲಾಲರು ಧನ್ಯವಾದ ಹೇಳಿ ನೂರು ರೂಪಾಯಿಯ ನೋಟು ಕೊಟ್ಟರು. ಎರಡು ತಿಂಗಳ ಸಂಬಳ! ಕಣ್ಣಲ್ಲಿ ನೀರು ಬಂದು, ಕೋಣೆಯಿಂದ ಸರಸರನೆ ಹೊರಗೆ ಹೋದೆ ಎಂದು ಒಬೆರಾಯ್ ಅವರೇ ನೆನೆಸಿಕೊಂಡಿದ್ದಾರೆ. ಆ ದುಡ್ಡಿನಲ್ಲಿ ಹೆಂಡತಿಗೆ ಕೈಗಡಿಯಾರ, ಮಗುವಿಗೆ ಬಟ್ಟೆ, ತಮಗೊಂದು ರೇನ್‌ಕೋಟ್ ಕೊಂಡರು. ಶಿಮ್ಲಾದ ಮಳೆಗೆ ಅದುವರೆಗೂ ರೇನ್‌ಕೋಟ್ ಇರಲಿಲ್ಲ ನೋಡಿ.

ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ಕೇಳುವುದು ಒಂದೇ: "ಅಷ್ಟೊಂದು ಟಿಪ್ಸಾ ಸರ್?" ಅಯ್ಯೋ, ಟಿಪ್ಸ್ ಬಿಡ್ರಪ್ಪಾ! ರಾತ್ರಿಯಿಡೀ ಕೂತರಲ್ಲ, ಅದನ್ನು ನೋಡಿ. "ಅದು ನನ್ನ ಡ್ಯೂಟಿ ಅಲ್ಲ" ಅನ್ನಲಿಲ್ಲವಲ್ಲ, ಅದನ್ನು ನೋಡಿ.

ಮುಂದೆ ಅವರ ಮ್ಯಾನೇಜರ್ ಕ್ಲಾರ್ಕ್ ಎಂಬ ಇಂಗ್ಲಿಷ್ ದೊರೆ ಶಿಮ್ಲಾದಲ್ಲೇ ಬೇರೆ ಹೋಟೆಲ್ ಹಿಡಿದಾಗ, ಒಬೆರಾಯ್‌ರನ್ನೂ ಕರೆದುಕೊಂಡು ಹೋದರು. ಆಮೇಲೆ ಒಡವೆ ಅಡವಿಟ್ಟು ಕೊಂಡ ಕ್ಲಾರ್ಕ್ಸ್ ಇದೇ. ಅಲ್ಲಿ ಗಂಡ ಹೆಂಡತಿ ಇಬ್ಬರೂ ತಾವೇ ಮಾರ್ಕೆಟ್‌ಗೆ ಹೋಗಿ ಮಾಂಸ, ತರಕಾರಿ ಆರಿಸಿ ತರುತ್ತಿದ್ದರು. ಆ ಬಾಬತ್ತಿನ ಖರ್ಚು ಅರ್ಧಕ್ಕೆ ಇಳಿಯಿತು. ಲಾಭ ಎಲ್ಲಿ ಸೋರಿಹೋಗುತ್ತದೆ ಅನ್ನುವುದು ಲಾಬಿಯ ಸೋಫಾದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ನಮ್ಮ ಉಡುಪಿ ಕಡೆಯವರು ಇದನ್ನು ಯಾವ ಕಾಲೇಜಿಗೂ ಹೋಗದೆ ಕಲಿತರು. ಮೊದಲು ಲೋಟ ತೊಳೆಯುವುದು, ಆಮೇಲೆ ಸಪ್ಲೈ, ಕೊನೆಗೆ ಗಲ್ಲಾ. ಮೊದಲು ಚಾಕರಿ, ಆಮೇಲೆ ಒಡವೆ. ಮತ್ತೆ ಅದೇ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಓಡಿಸುತ್ತೇನೆ. 1938ರಲ್ಲಿ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲ್ ಗುತ್ತಿಗೆಗೆ ಹಿಡಿದರು. ಟೈಫಾಯ್ಡ್‌ನಿಂದ ಅತಿಥಿಗಳು ಸತ್ತು, ಚರಂಡಿಯ ಮೇಲೆ ಅನುಮಾನ ಬಂದು ಮುಚ್ಚಿದ್ದ ಹೋಟೆಲ್ ಅದು. ಬೇರೆಯವರು ಆ ಕಡೆ ತಲೆ ಹಾಕಲಿಲ್ಲ. ಯುದ್ಧ ಬಂತು, ಸೈನಿಕರಿಂದ ಕೋಣೆಗಳು ತುಂಬಿದವು. 1943ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಕಂಪನಿಯ ಹಿಡಿತ ಅವರ ಕೈಗೆ ಬಂತು. ತಾವು ಗುಮಾಸ್ತರಾಗಿದ್ದ ಸೆಸಿಲ್ ಕೂಡ ಅದರದ್ದೇ! 1965ರಲ್ಲಿ ದೆಹಲಿಯಲ್ಲಿ ಒಬೆರಾಯ್ ಇಂಟರ್‌ಕಾಂಟಿನೆಂಟಲ್, 1973ರಲ್ಲಿ ಮುಂಬೈನ ನಾರಿಮನ್ ಪಾಯಿಂಟ್‌ನಲ್ಲಿ ಇನ್ನೊಂದು. 2001ರಲ್ಲಿ ಪದ್ಮಭೂಷಣ. ಮರುವರ್ಷ, 103ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ವರ್ಷ ಹೋಟೆಲ್ ಕೋರ್ಸ್ ಸೇರುವವರು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು, ಟ್ರೈನಿಂಗ್‌ಗೆ ಫ್ರಂಟ್ ಆಫೀಸೇ, ಅಂದರೆ ಅತಿಥಿಗಳನ್ನು ಎದುರುಗೊಳ್ಳುವ ಕೌಂಟರೇ ಬೇಕು ಅಂತ ಸುಮ್ನೆ ಹಟ ಹಿಡಿಯಬೇಡಿ. ಸ್ಟೋರ್ಸ್, ಅಂದರೆ ಸಾಮಾನಿನ ಉಗ್ರಾಣ ಕೊಟ್ಟರೆ ಸ್ಟೋರ್ಸ್‌ಗೆ ಹೋಗಿ. ನಮಸ್ಕಾರ.