ಮುಂಜ್ಯಾ ಮತ್ತು ಭ್ರಮಯುಗಂ: ಯಾವುದು ಹೆಚ್ಚು ಹೆದರಿಸುತ್ತದೆ, ಏಕೆ?

[ತೆರೆಯ ಮೇಲೆ: ಎರಡೂ ಚಿತ್ರಗಳ ಪೋಸ್ಟರ್‌ಗಳು ಅಕ್ಕಪಕ್ಕ]

ನಮಸ್ಕಾರ. 2024ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ದೆವ್ವದ ಚಿತ್ರಗಳು ತೆರೆಗೆ ಬಂದವು. ಫೆಬ್ರವರಿ 15ರಂದು ರಾಹುಲ್ ಸದಾಶಿವನ್ ನಿರ್ದೇಶನದ ಮಲಯಾಳಂ ಚಿತ್ರ ‘ಭ್ರಮಯುಗಂ’, ಜೂನ್ 7ರಂದು ಆದಿತ್ಯ ಸರ್ಪೋತ್ದಾರ್ ನಿರ್ದೇಶನದ ಹಿಂದಿ ಚಿತ್ರ ‘ಮುಂಜ್ಯಾ’. ಒಂದರ ಕಥೆ ನಮಗೆ ದಕ್ಷಿಣದಲ್ಲಿರುವ ಮಲಬಾರಿನದು, ಇನ್ನೊಂದರದು ಗೋವಾ ದಾಟಿದರೆ ಸಿಗುವ ಕೊಂಕಣದ್ದು. ಕಾರವಾರದಲ್ಲಿ ಕುಳಿತು ನೋಡುವವರಿಗೆ ಎರಡರಲ್ಲೂ ಕಾಣುವ ಮಳೆ, ಚಿರೇಕಲ್ಲಿನ ಗೋಡೆ, ಹೆಂಚಿನ ಮಾಡು ಯಾವುದೂ ಹೊಸದಲ್ಲ. ಹೀಗಿದ್ದೂ ಒಂದು ಚಿತ್ರ ನೋಡಿ ನಾವು ನಗುತ್ತಾ ಏಳುತ್ತೇವೆ, ಇನ್ನೊಂದು ನೋಡಿದ ರಾತ್ರಿ ದೀಪ ಆರಿಸಲು ಹಿಂಜರಿಯುತ್ತೇವೆ. ಇದು ಹೇಗಾಗುತ್ತದೆ ಎಂಬುದೇ ಇಂದಿನ ವಿಷಯ. ಎರಡೂ ಚಿತ್ರಗಳ ಕಥೆಯನ್ನು ಸ್ವಲ್ಪ ಮಟ್ಟಿಗೆ ಹೇಳಬೇಕಾಗುತ್ತದೆ. ಕೊನೆಯನ್ನು ಮಾತ್ರ ಹೇಳುವುದಿಲ್ಲ.

[ತೆರೆಯ ಮೇಲೆ: ಅಶ್ವತ್ಥಕಟ್ಟೆ, ಮುಸ್ಸಂಜೆ]

ಮೊದಲು ‘ಮುಂಜ್ಯಾ’. ಉಪನಯನವಾಗಿ, ಮದುವೆಯಾಗದೆ ಸತ್ತ ವಟು ಮುಂಜ್ಯಾ ಎಂಬ ಪ್ರೇತವಾಗಿ ಅಶ್ವತ್ಥ ಮರದಲ್ಲಿ ನೆಲೆಸುತ್ತಾನೆ ಎಂಬುದು ಕೊಂಕಣದ ಹಳೆಯ ನಂಬಿಕೆ. ಮುಂಜಿ ಎಂದರೇನು ಎಂದು ಶಿರಸಿ, ಕುಮಟಾ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮುಳುಗಿದ ಮೇಲೆ ಅಶ್ವತ್ಥದ ಬುಡದಲ್ಲಿ ಕೂರಬೇಡ ಎಂಬ ಮಾತನ್ನು ಕೇಳದೆ ಬೆಳೆದವರೂ ಇಲ್ಲಿ ಕಡಿಮೆ. ಅಂದರೆ, ಹೆದರಿಕೆಯ ಅರ್ಧ ಕೆಲಸವನ್ನು ನಮ್ಮ ಅಜ್ಜಿಯರು ಆಗಲೇ ಮಾಡಿಟ್ಟಿದ್ದಾರೆ.

ಚಿತ್ರ ಆರಂಭವಾಗುವುದು 1952ರಲ್ಲಿ. ಗೋಟ್ಯಾ ಎಂಬ ಹುಡುಗ ತನಗಿಂತ ದೊಡ್ಡವಳಾದ ಮುನ್ನಿಯನ್ನು ಮದುವೆಯಾಗಬೇಕೆಂದು ಹಟ ಹಿಡಿಯುತ್ತಾನೆ. ಮನೆಯವರು ಅವನಿಗೆ ಮುಂಜಿ ಮಾಡುತ್ತಾರೆ. ಮುನ್ನಿಗೆ ಬೇರೆಯವನೊಂದಿಗೆ ಮದುವೆಯಾಗುತ್ತದೆ. ಆಗ ಅವನು ತನ್ನ ಪುಟ್ಟ ತಂಗಿಯನ್ನೇ ಬಲಿ ಕೊಡಲು ಚೇಟುಕ್‌ವಾಡಿ ಎಂಬ ಜಾಗಕ್ಕೆ ಕರೆದೊಯ್ಯುತ್ತಾನೆ, ಮತ್ತು ಆ ಹೆಣಗಾಟದಲ್ಲಿ ತಾನೇ ಸಾಯುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇಡೀ ಚಿತ್ರದಲ್ಲಿ ನಿಜವಾಗಿ ಎದೆ ನಡುಗಿಸುವ ಭಾಗ ಇದೊಂದೇ. ಇಲ್ಲಿ ಇನ್ನೂ ದೆವ್ವವೇ ಇಲ್ಲ ಎಂಬುದನ್ನು ಗಮನಿಸಿ. ಇರುವುದು ಒಬ್ಬ ಹುಡುಗನ ಹಟ, ಅವನ ಕೈಹಿಡಿದು ನಂಬಿಕೆಯಿಂದ ನಡೆಯುವ ತಂಗಿ, ಸುತ್ತ ಕತ್ತಲೆ.

ಆಮೇಲೆ ಕಥೆ ಈಗಿನ ಕಾಲಕ್ಕೆ ಜಿಗಿಯುತ್ತದೆ. ಪುಣೆಯಲ್ಲಿರುವ ಬಿಟ್ಟು ಅದೇ ವಂಶದವನು. ಊರಿಗೆ ಹೋದಾಗ ಮುಂಜ್ಯಾ ಅವನ ಬೆನ್ನು ಹತ್ತುತ್ತದೆ. ರಕ್ತಸಂಬಂಧವಿರುವ ಅವನ ಕಣ್ಣಿಗೆ ಮಾತ್ರ ಅದು ಕಾಣುತ್ತದೆ, ಸುತ್ತಲಿನವರಿಗೆ ಕಾಣುವುದಿಲ್ಲ. ಭಯ ಹುಟ್ಟಿಸಲು ಇದು ಒಳ್ಳೆಯ ಉಪಾಯವೇ ಆಗಿತ್ತು, ಆದರೆ ಚಿತ್ರ ಇದನ್ನು ಹೆಚ್ಚಾಗಿ ನಗಿಸಲು ಬಳಸುತ್ತದೆ. ಕಂಪ್ಯೂಟರ್‌ನಲ್ಲಿ ರೂಪಿಸಿದ ಆ ಜೀವಿಯನ್ನು ಹಲ್ಲು, ಕಣ್ಣು, ಬೆರಳುಗಳ ಸಮೇತ ಮತ್ತೆ ಮತ್ತೆ ತೋರಿಸುತ್ತಾರೆ. ಅದು ಹಟಮಾರಿ ಮಗುವಿನಂತೆ ಮಾತನಾಡುತ್ತದೆ, ಕೀಟಲೆ ಮಾಡುತ್ತದೆ. ಮೂರನೆಯ ಸಲ ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ನಟ ಸತ್ಯರಾಜ್ ಅವರ ಪಾತ್ರ ಬಂದ ಮೇಲಂತೂ ಚಿತ್ರ ತಾನು ಹಾಸ್ಯದ ಕಡೆಗಿದ್ದೇನೆ ಎಂಬುದನ್ನು ಮುಚ್ಚಿಡುವುದೇ ಇಲ್ಲ. ದೊಡ್ಡ ತಾರೆಯರಿಲ್ಲದೆಯೂ ಚಿತ್ರ 100 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತೆಂದರೆ ಆ ನಗೆಯ ಪಾಲೂ ಅದರಲ್ಲಿದೆ.

[ತೆರೆಯ ಮೇಲೆ: ಕಪ್ಪು ಬಿಳುಪು ಚೌಕಟ್ಟು, ಎಣ್ಣೆ ದೀಪ]

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಿಶ್ಶಬ್ದದ ನಡುವೆ ಥಟ್ಟನೆ ದೊಡ್ಡ ಸದ್ದಾದರೆ ನಾವು ಬೆಚ್ಚಿಬೀಳುತ್ತೇವೆ. ಅದು ಮಿದುಳಿನ ಕಾಂಡದಿಂದ ಬರುವ ಪ್ರತಿಕ್ರಿಯೆ. ಯೋಚನೆಗೆ ಅವಕಾಶವಿಲ್ಲದಷ್ಟು ವೇಗವಾಗಿ ಕಣ್ಣು ಮುಚ್ಚುತ್ತದೆ, ಹೆಗಲು ಮೇಲೇರುತ್ತದೆ, ಎದೆಬಡಿತ ಹೆಚ್ಚುತ್ತದೆ. ಅಷ್ಟೇ ವೇಗವಾಗಿ ಇಳಿದೂ ಹೋಗುತ್ತದೆ, ಮತ್ತು ಅದೇ ತಂತ್ರ ಮರುಕಳಿಸಿದಷ್ಟೂ ಅದರ ಬಲ ಕುಗ್ಗುತ್ತದೆ. ಮುಂದೆ ಏನೋ ಕೆಟ್ಟದ್ದು ಕಾದಿದೆ, ಆದರೆ ಅದೇನೆಂದು ತಿಳಿಯದು ಎಂಬ ಸ್ಥಿತಿಯಲ್ಲಿ ಹುಟ್ಟುವ ಭಯವೇ ಬೇರೆ. ಅದಕ್ಕೆ ಕೊನೆ ಎಲ್ಲಿ ಎಂಬುದು ಗೊತ್ತಾಗದ ಕಾರಣ ಮನಸ್ಸು ಎಚ್ಚರ ತಪ್ಪದೆ ಕಾಯುತ್ತಲೇ ಇರುತ್ತದೆ. ‘ಮುಂಜ್ಯಾ’ ಮೊದಲನೆಯದನ್ನು ನೆಚ್ಚಿಕೊಂಡಿದೆ, ‘ಭ್ರಮಯುಗಂ’ ಹೆಚ್ಚುಕಡಿಮೆ ಪೂರ್ತಿಯಾಗಿ ಎರಡನೆಯದನ್ನು.

‘ಭ್ರಮಯುಗಂ’ ಹದಿನೇಳನೆಯ ಶತಮಾನದ ಕಥೆ, ಪೂರ್ತಿ ಕಪ್ಪು ಬಿಳುಪಿನಲ್ಲಿದೆ. ಹಾಡುಗಾರ ಸಮುದಾಯದ ತೇವನ್ ಎಂಬವನು ಪ್ರಾಣ ಉಳಿಸಿಕೊಳ್ಳಲು ಕಾಡಿನಲ್ಲಿ ಓಡುತ್ತಾ, ಹಸಿವಿನಿಂದ ಕಂಗೆಟ್ಟು, ಪಾಳುಬಿದ್ದಂತಿರುವ ಒಂದು ದೊಡ್ಡ ಮನೆಗೆ ಬರುತ್ತಾನೆ. ಅಲ್ಲಿರುವವರು ಇಬ್ಬರೇ: ಯಜಮಾನ ಕೊಡುಮಣ್ ಪೋಟ್ಟಿ ಮತ್ತು ಒಬ್ಬ ಅಡುಗೆಯವನು. ಮೇಲ್ಜಾತಿಯ ಯಜಮಾನ ಈ ಕೆಳಜಾತಿಯವನನ್ನು ಓಡಿಸುವುದಿಲ್ಲ. ಹಾಡಿಸಿ ಕೇಳುತ್ತಾನೆ, ಅತಿಥಿ ಎನ್ನುತ್ತಾನೆ, ಒಳಗೆ ಕರೆದು ಉಣಿಸುತ್ತಾನೆ. ನಿಯಮ ಮೀರಿದ ಈ ದಯೆಯೇ ನಮಗೆ ಮೊದಲ ಅಳುಕನ್ನು ತರುತ್ತದೆ. ಜಗಲಿಯ ಮೇಲೆ ಯಾರು ಎಲ್ಲಿ ಕೂರಬೇಕೆಂಬ ಲೆಕ್ಕಾಚಾರ ಕಂಡು ಬೆಳೆದ ಘಟ್ಟದ ಮೇಲಿನ, ಕೆಳಗಿನ ನಮ್ಮ ಜನರಿಗೆ ಆ ದೃಶ್ಯ ಇನ್ನೂ ಚೆನ್ನಾಗಿ ತಟ್ಟುತ್ತದೆ ಎಂದು ನನಗೆ ಅನಿಸುತ್ತದೆ.

ಮಮ್ಮುಟ್ಟಿ ಪೋಟ್ಟಿಯಾಗಿ ಏನು ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿ. ಅವರು ಕೂಗಾಡುವುದು ಕಡಿಮೆ. ಕುಳಿತಲ್ಲಿಂದ ನಿಧಾನವಾಗಿ ಕತ್ತು ಹೊರಳಿಸುತ್ತಾರೆ, ಕರೆಗಟ್ಟಿದ ಹಲ್ಲು ಕಾಣುವಂತೆ ನಗುತ್ತಾರೆ, ನಕ್ಕ ಮೇಲೆ ಆ ನಗೆಯನ್ನು ಬೇಗ ಇಳಿಸುವುದಿಲ್ಲ. ಎಣ್ಣೆ ದೀಪದ ಬೆಳಕು ಮುಖದ ಒಂದು ಪಾರ್ಶ್ವಕ್ಕೆ ಮಾತ್ರ ಬಿದ್ದಿರುತ್ತದೆ. ಇನ್ನೊಂದು ಪಾರ್ಶ್ವ ಹಿಂದಿನ ಗೋಡೆಯ ಕಪ್ಪಿನೊಡನೆ ಬೆರೆತುಹೋಗುತ್ತದೆ. ಬಣ್ಣವಿದ್ದಿದ್ದರೆ ಗೋಡೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಆರಂಭವಾಗುತ್ತಾನೆ ಎಂಬುದು ಕಣ್ಣಿಗೆ ತಕ್ಷಣ ತಿಳಿಯುತ್ತಿತ್ತು. ಕಪ್ಪು ಬಿಳುಪು ಆ ಅನುಕೂಲವನ್ನು ಕಿತ್ತುಕೊಳ್ಳುತ್ತದೆ. ಈ ಪಾತ್ರಕ್ಕಾಗಿ ಮಮ್ಮುಟ್ಟಿಯವರಿಗೆ ಕೇರಳ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಅನಂತರ ಪೋಟ್ಟಿ ತೇವನ್‌ನನ್ನು ಪಗಡೆಗೆ ಕರೆಯುತ್ತಾನೆ. ಒತ್ತೆ ಇಡಲು ನನ್ನ ಬಳಿ ಏನೂ ಇಲ್ಲ ಎನ್ನುವ ತೇವನ್‌ಗೆ, ನಿನ್ನ ಆಯುಷ್ಯದ ಕಾಲವನ್ನೇ ಒತ್ತೆ ಇಡು ಎನ್ನುತ್ತಾನೆ. ಇಲ್ಲಿಂದ ಮುಂದೆ ಮಳೆ ನಿಲ್ಲುವುದಿಲ್ಲ, ದಿನಗಳ ಲೆಕ್ಕ ತಪ್ಪುತ್ತದೆ, ಓಡಿಹೋಗಲು ದಾರಿಯಿಲ್ಲ. ಕೇರಳದ ಜನಪದ ನಂಬಿಕೆಯ ಯಕ್ಷಿ, ಚಾತನ್ ಎಂಬ ಭೂತಗಳೆಲ್ಲ ಈ ಕಥೆಯಲ್ಲಿವೆ. ಆದರೆ ಪ್ರೇಕ್ಷಕನನ್ನು ಹಿಡಿದಿಡುವುದು ಅವುಗಳಲ್ಲ. ಬಾಗಿಲಿಗೆ ಬೀಗ ಹಾಕದೆಯೂ ಒಬ್ಬ ಮನುಷ್ಯ ಇನ್ನೊಬ್ಬನನ್ನು ತನ್ನ ಮನೆಯಲ್ಲಿ ಕೂಡಿಹಾಕಬಲ್ಲ ಎಂಬ ಸಂಗತಿಯೇ ನಮ್ಮನ್ನು ಹಿಡಿದಿಡುತ್ತದೆ.

[ತೆರೆಯ ಮೇಲೆ: ಬಡಗುತಿಟ್ಟಿನ ಬಣ್ಣದ ವೇಷ, ತೆರೆಯ ಹಿಂದೆ]

ಈ ತಂತ್ರ ನಮಗೆ ಹೊಸದೇನಲ್ಲ. ಬಡಗುತಿಟ್ಟಿನ ಯಕ್ಷಗಾನ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಹೇಗೆ ರಂಗಕ್ಕೆ ಬರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ; ಚಂಡೆ ಏರುತ್ತಿರುತ್ತದೆ; ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಹಿಂದಿನಿಂದ ಅಬ್ಬರ ಕೇಳುತ್ತದೆ, ಮುಖ ಮಾತ್ರ ಬೇಗ ಸಿಗುವುದಿಲ್ಲ. ಮಕ್ಕಳು ಅಳುವುದು ಆ ಹೊತ್ತಿನಲ್ಲಿ. ತೆರೆ ಸರಿದು ವೇಷ ಪೂರ್ತಿ ಕಂಡು, ಅದು ಮಾತಿಗೆ ಇಳಿದ ಮೇಲೆ ಅದೇ ಮಕ್ಕಳು ಕಣ್ಣರಳಿಸಿ ಕೂರುತ್ತಾರೆ. ‘ಮುಂಜ್ಯಾ’ ತೆರೆಯನ್ನು ಬೇಗ ಸರಿಸಿತು. ‘ಭ್ರಮಯುಗಂ’ ಎದುರಿಗೇ ಕೂತ ಮನುಷ್ಯ ನಿಜಕ್ಕೂ ಯಾರು ಎಂಬುದನ್ನು ಬಹಳ ಹೊತ್ತು ಮುಚ್ಚಿಟ್ಟಿತು.

ಹೀಗೆಂದ ಮಾತ್ರಕ್ಕೆ ‘ಭ್ರಮಯುಗಂ’ನಲ್ಲಿ ಕೊರತೆಯೇ ಇಲ್ಲವೆಂದಲ್ಲ. ನಡುವಿನ ಭಾಗ ಎಳೆದಂತಾಗುತ್ತದೆ, ಮತ್ತು ಮನೆಯ ರಹಸ್ಯವನ್ನು ಮಾತಿನಲ್ಲಿ ವಿವರಿಸಲು ತೊಡಗಿದಾಗ ಅದುವರೆಗೆ ಕಟ್ಟಿದ ಭಯ ಸ್ವಲ್ಪ ಸಡಿಲವಾಗುತ್ತದೆ. ಮೊಬೈಲ್‌ನಲ್ಲಿ, ಹಗಲು ಬೆಳಕಿನಲ್ಲಿ ನೋಡಿದರೆ ಅರ್ಧ ಚಿತ್ರ ಬರೀ ಕಪ್ಪಾಗಿ ಕಾಣುತ್ತದೆ. ಹಾಗೆ ನೋಡಿ ಬೇಸರವಾಯಿತು ಎನ್ನುವವರ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಸಾಧ್ಯವಾದರೆ ಮೂಲ ಮಲಯಾಳಂನಲ್ಲೇ ನೋಡಿ. ಆ ಧ್ವನಿಯ ಏರಿಳಿತವನ್ನು ಡಬ್ಬಿಂಗ್‌ನಲ್ಲಿ ಕಳೆದುಕೊಳ್ಳಬೇಡಿ.

ಇನ್ನು ಮಕ್ಕಳೊಡನೆ ನೋಡಬಹುದೇ ಎಂಬ ಪ್ರಶ್ನೆ. ‘ಭ್ರಮಯುಗಂ’ ಚಿಕ್ಕ ಮಕ್ಕಳಿಗೆ ಅರ್ಥವೂ ಆಗದು, ಬೇಡವೂ ಬೇಡ. ‘ಮುಂಜ್ಯಾ’ವನ್ನು ರಜೆಯ ದಿನ ಮನೆಮಂದಿಯೆಲ್ಲ ಕೂತು ನೋಡಬಹುದು. ಮುಂದೆ ಬರುವ ಪ್ರೇತದ ಬಗ್ಗೆ ಅಷ್ಟು ಚಿಂತೆ ಬೇಡ, ಮಕ್ಕಳು ಅದನ್ನು ನೋಡಿ ನಗುತ್ತಾರೆ. ಆದರೆ ಆರಂಭದಲ್ಲಿ ಅಣ್ಣ ತಂಗಿಯನ್ನು ಬಲಿಗೆ ಕರೆದೊಯ್ಯುವ ದೃಶ್ಯವನ್ನು ಮೊದಲು ನೀವೊಬ್ಬರೇ ನೋಡಿ, ನಿಮ್ಮ ಮನೆಯ ಚಿಕ್ಕವರಿಗೆ ಅದನ್ನು ತೋರಿಸಬೇಕೋ, ಹಾರಿಸಿ ಮುಂದೆ ಹೋಗಬೇಕೋ ಎಂಬುದನ್ನು ಆಮೇಲೆ ತೀರ್ಮಾನಿಸಿ.