ಮೂರು ಗಂಟೆ ದಾಟಿದ ಸಿನಿಮಾಗೆ ಓವರ್ಚರ್ ಬೇಕಾ? ಇಂಟರ್ವಲ್‌ಗೆ ಸಂಗೀತ ಬೇಕಾ?

[ಪರದೆ ಪೂರ್ತಿ ಕಪ್ಪು. ಹತ್ತು ಸೆಕೆಂಡ್ ನಗಾರಿಯ ಸದ್ದು ಮಾತ್ರ.]

ವಿಡಿಯೋ ಕೆಟ್ಟಿದೆ ಅನ್ನಿಸ್ತಾ? ಕೆಟ್ಟಿಲ್ಲ. 1962ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಶುರುವಾಗ್ತಿದ್ದದ್ದೇ ಹೀಗೆ. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಚಿತ್ರವೇ ಇಲ್ಲ, ಮೋರಿಸ್ ಜಾರ್ ಅವರ ಸಂಗೀತ ಒಂದೇ. ಇದು ಓವರ್ಚರ್. ನಡುವೆ ಇಂಟರ್ವಲ್. ಇಂಟರ್ವಲ್ ಮುಗಿಯೋ ಹೊತ್ತಿಗೆ ಜನರನ್ನ ಒಳಗೆ ಕರೆಯೋ ಸಂಗೀತಕ್ಕೆ ಆಂಟ್ರಾಕ್ಟ್ ಅಂತಾರೆ. ಕೊನೆಗೆ ಎದ್ದು ಹೋಗುವಾಗಲೂ ಒಂದು ತುಣುಕು ಇರ್ತಿತ್ತು.

ಇವೆಲ್ಲ ವಾಪಸ್ ಬರಬೇಕು ಅನ್ನೋದು ನಮ್ಮ ವಾದ. ಆದರೆ ಮೂರು ಗಂಟೆ ದಾಟಿದ ಸಿನಿಮಾಗೆ ಮಾತ್ರ. ಅದೂ ಸಿನಿಮಾ ಮಾಡಿದವರೇ ಅದನ್ನ ಒಳಗೇ ಕೂರಿಸಿದ್ದರೆ ಮಾತ್ರ.

[ಎರಡು ಪ್ರೊಜೆಕ್ಟರ್‌ಗಳ ಚಿತ್ರ.]

ಮೊದಲು ಒಂದು ತಪ್ಪು ತಿಳಿವಳಿಕೆ. ಇಂಟರ್ವಲ್ ಇದ್ದದ್ದು ರೀಲ್ ಬದಲಿಸೋಕೆ ಅಂತ ತುಂಬ ಜನ ನಂಬಿದ್ದಾರೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ. 2000 ಅಡಿಯ ರೀಲ್ ಅಂದ್ರೆ ಸುಮಾರು 22 ನಿಮಿಷ. ಮೂರೂವರೆ ಗಂಟೆಯ ಚಿತ್ರಕ್ಕೆ ಹತ್ತು ರೀಲ್ ಬೇಕು. ಅಷ್ಟು ಸಲ ನಿಲ್ಲಿಸ್ತಿದ್ರಾ? ಇಲ್ಲ. ಎರಡು ಪ್ರೊಜೆಕ್ಟರ್ ಇರ್ತಿತ್ತು. ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿಂಚಿದ ತಕ್ಷಣ ಆಪರೇಟರ್ ಒಂದರಿಂದ ಇನ್ನೊಂದಕ್ಕೆ ದಾಟಿಸ್ತಿದ್ದ. ನೋಡುವವರಿಗೆ ಗೊತ್ತೇ ಆಗ್ತಿರಲಿಲ್ಲ.

ಓವರ್ಚರ್ ಬಂದದ್ದು ರೋಡ್‌ಶೋ ಪದ್ಧತಿಯಿಂದ. ಅಂದ್ರೆ ದೊಡ್ಡ ಸಿನಿಮಾವನ್ನ ಮೊದಲು ಕೆಲವೇ ಚಿತ್ರಮಂದಿರಗಳಲ್ಲಿ ನಾಟಕದ ಹಾಗೆ ತೋರಿಸೋದು: ನಂಬರ್ ಇದ್ದ ಸೀಟು, ದಿನಕ್ಕೆ ಒಂದೋ ಎರಡೋ ಆಟ, ಕೈಗೊಂದು ಪರಿಚಯ ಪುಸ್ತಕ. ಅದೇ ಸಿನಿಮಾ ಆಮೇಲೆ ಸಾಮಾನ್ಯ ಚಿತ್ರಮಂದಿರಗಳಿಗೆ ಹೋದಾಗ ಮೊದಲು ಕತ್ತರಿ ಬೀಳ್ತಿದ್ದದ್ದು ಓವರ್ಚರ್‌ಗೆ. 1979ರ 'ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್', 'ದಿ ಬ್ಲ್ಯಾಕ್ ಹೋಲ್' ಎರಡರಲ್ಲೂ ಅದಿತ್ತು. ಆಮೇಲೆ ಅದು ಅಪರೂಪವಾಯ್ತು.

ಒಳ್ಳೆಯ ಇಂಟರ್ವಲ್ ಏನು ಮಾಡುತ್ತೆ ಅಂತ ಹತ್ತಿರದಿಂದ ನೋಡೋಣ. 1968ರ '2001: ಎ ಸ್ಪೇಸ್ ಒಡಿಸ್ಸಿ'. ಇಬ್ಬರು ಗಗನಯಾತ್ರಿಗಳು ಒಂದು ಪಾಡ್ ಒಳಗೆ ಕೂತು, ನೌಕೆಯ ಕಂಪ್ಯೂಟರ್ 'ಹಾಲ್'ಗೆ ಕೇಳಿಸಬಾರದು ಅಂತ ಬಾಗಿಲು ಮುಚ್ಚಿಕೊಂಡು ಮಾತಾಡ್ತಾರೆ. ಹಾಲ್‌ನ ಕೆಂಪು ಕಣ್ಣು ಕಿಟಕಿಯಾಚೆಯಿಂದ ನೋಡ್ತಿದೆ. ಸದ್ದಿಲ್ಲ. ಇವರ ತುಟಿ, ಅವರ ತುಟಿ, ಮತ್ತೆ ಇವರ ತುಟಿ. ಅದು ತುಟಿ ಓದ್ತಿದೆ ಅಂತ ನಮಗೆ ಹೊಳೆಯುವಷ್ಟರಲ್ಲಿ ಇಂಟರ್ವಲ್! ದೀಪ ಹತ್ತಿದ ಮೇಲೂ ಆ ಅಳುಕು ನಮ್ಮ ಜೊತೆ ಹೊರಗೆ ಬರುತ್ತೆ. ವಾಪಸ್ ಬಂದು ಕೂತಾಗ ಸಂಯೋಜಕ ಲಿಗೆಟಿಯ ದಟ್ಟ ಸಂಗೀತ, ಅದಾದ ಮೇಲೆ ಬಾಹ್ಯಾಕಾಶದಲ್ಲಿ ಬರೀ ಉಸಿರಾಟದ ಸದ್ದು. ಆ ಸಂಗೀತ ಕಿವಿ ತುಂಬಿರೋದ್ರಿಂದಲೇ ಆ ಉಸಿರು ಅಷ್ಟು ಒಂಟಿಯಾಗಿ ಕೇಳಿಸೋದು.

ಈಗ ಉಲ್ಟಾ ನೋಡಿ. 2023ರಲ್ಲಿ 206 ನಿಮಿಷದ 'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್'ಗೆ ಕೆಲವು ಚಿತ್ರಮಂದಿರಗಳು ತಾವಾಗಿಯೇ ಇಂಟರ್ವಲ್ ಹಾಕಿದ್ವು, ಆಕ್ಷೇಪ ಬಂತು. ಡಿಜಿಟಲ್ ಪ್ರತಿಗೆ ಕೀಲಿ ಇರೋದ್ರಿಂದ ಒಳಗಿರೋದನ್ನ ಚಿತ್ರಮಂದಿರ ಬದಲಿಸೋಕಾಗಲ್ಲ. ಆದರೆ ತನ್ನ ಪ್ಲೇಲಿಸ್ಟಿನಲ್ಲಿ ಇಷ್ಟನೇ ನಿಮಿಷಕ್ಕೆ ನಿಲ್ಲಿಸು ಅಂತ ಬರೆಯಬಹುದು. ಅದು ಗಡಿಯಾರ ನೋಡಿ ನಿಲ್ಲುತ್ತೆ, ದೃಶ್ಯ ನೋಡಿ ಅಲ್ಲ. ಪಿಟೀಲಿನ ಸ್ವರ ಅರ್ಧಕ್ಕೆ ತುಂಡಾಗುತ್ತೆ. ಹದಿನೈದು ನಿಮಿಷ ಬಿಟ್ಟು ಉಳಿದರ್ಧ ಕೇಳಿಸುತ್ತೆ. ಜನರಿಗೆ ವಿರಾಮ ಬೇಕಾಗಿತ್ತು ಅನ್ನೋದು ನಿಜ, ಅದನ್ನ ಅಲ್ಲಗಳೆಯಲ್ಲ. ಅದಕ್ಕೇ ಆ ಕೆಲಸ ಎಡಿಟಿಂಗ್ ಮೇಜಿನ ಮೇಲೇ ಆಗಬೇಕು ಅನ್ನೋದು.

[ಪರದೆ ಮೇಲೆ ಲೆಕ್ಕ.]

ಆಟಗಳು ಕಡಿಮೆಯಾಗ್ತವೆ ಅನ್ನೋ ಭಯಕ್ಕೆ ಲೆಕ್ಕದಲ್ಲೇ ಉತ್ತರ ಇದೆ. ಒಂದು ಪರದೆ ದಿನಕ್ಕೆ 14 ಗಂಟೆ, ಅಂದ್ರೆ 840 ನಿಮಿಷ ನಡೆಯುತ್ತೆ ಅಂತಿಟ್ಟುಕೊಳ್ಳಿ. ಜಾಹೀರಾತು, ಟ್ರೇಲರ್‌ಗೆ 20, ಕಸ ಗುಡಿಸೋಕೆ 20. ಸಿನಿಮಾ 200 ನಿಮಿಷ ಇದ್ರೆ ಒಂದು ಸುತ್ತಿಗೆ 240. ದಿನಕ್ಕೆ ಮೂರು ಆಟ. 4 ನಿಮಿಷದ ಓವರ್ಚರ್, 15 ನಿಮಿಷದ ಇಂಟರ್ವಲ್ ಸೇರಿಸಿದರೆ 259. ಆಗಲೂ ಮೂರೇ ಆಟ. ಕಳೆದುಕೊಂಡದ್ದು ಏನೂ ಇಲ್ಲ. ಅದೇ 160 ನಿಮಿಷದ ಸಿನಿಮಾ ಆದ್ರೆ ನಾಲ್ಕು ಆಟ ಇದ್ದದ್ದು ಮೂರಕ್ಕೆ ಇಳಿಯುತ್ತೆ. ಮೂರು ಗಂಟೆಯ ಗೆರೆ ಎಳೆದದ್ದು ಇದಕ್ಕೇ.

ಇನ್ನು ಮಾಡೋದು ಹೇಗೆ? ಹಳೇ ಕಾಲದಲ್ಲಿ ಓವರ್ಚರ್ ನಡೆಯುವಾಗ ಪರದೆ ಮುಂದೆ ತೆರೆ ಮುಚ್ಚಿರ್ತಿತ್ತು. ಇವತ್ತು ಎಷ್ಟೋ ಹಾಲ್‌ಗಳಲ್ಲಿ ತೆರೆಯೇ ಇಲ್ಲ. ಬರೀ ಕಪ್ಪು ಹಾಕಿದರೆ ಪ್ರೊಜೆಕ್ಟರ್ ಕೆಟ್ಟಿದೆ ಅಂತ ಯಾರಾದರೂ ಎದ್ದು ಹೋಗಿ ಕೇಳ್ತಾರೆ. ಹಾಗಾಗಿ ಒಂದು ಚಿತ್ರ ಬೇಕು. 1959ರ 'ಬೆನ್-ಹರ್'ನಲ್ಲಿ ಮೈಕೆಲ್ಯಾಂಜೆಲೊನ ಆಡಮ್ ಚಿತ್ರ ಇತ್ತು. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ವಿನ್ಯಾಸಕಾರ ಸಾಲ್ ಬಾಸ್ ಬರೆದ ಗೀಟುಗಳು ಬಣ್ಣ ಬದಲಿಸ್ತಾ ಹೋಗಿ ಕೊನೆಗೆ ಮ್ಯಾನ್‌ಹಟನ್ ಆಗ್ತವೆ. ಇದಕ್ಕಿಂತ ಒಳ್ಳೆ ಮಾದರಿ ಸಿಗಲ್ಲ.

ದೀಪ ಪೂರ್ತಿ ಆರಿಸಬೇಡಿ. ಶುರುವಿಗೆ ಅರ್ಧ, ಕೊನೇ ಒಂದು ನಿಮಿಷಕ್ಕೆ ಕಾಲು ಭಾಗ, ಕೊನೇ ಹತ್ತು ಸೆಕೆಂಡಿಗೆ ಕತ್ತಲು. ಡಿಜಿಟಲ್ ಪ್ರತಿಯಲ್ಲಿ ಇಂಟರ್ವಲ್‌ನ ಮೊದಲ, ಕೊನೆಯ ಫ್ರೇಮ್‌ಗೆ ಎಫ್‌ಎಫ್‌ಒಐ, ಎಲ್‌ಎಫ್‌ಒಐ ಅನ್ನೋ ಗುರುತುಗಳಿಗೆ ಜಾಗ ಇದೆ. ಗುರುತು ಇದ್ದ ಮಾತ್ರಕ್ಕೆ ದೀಪ ಹತ್ತುತ್ತೆ ಅಂತ ನಂಬಬೇಡಿ. ಪ್ಲೇಲಿಸ್ಟಿನಲ್ಲಿ ದೀಪಕ್ಕೆ ಕ್ಯೂ, ಅಂದ್ರೆ ಸೂಚನೆ, ಹಾಕಿ, ಖಾಲಿ ಹಾಲ್‌ನಲ್ಲಿ ಒಮ್ಮೆ ಓಡಿಸಿ ನೋಡಬೇಕು.

ಸಂಗೀತವನ್ನ ಪಿಸುಮಾತಿನಂತೆ ಶುರು ಮಾಡಿದ್ರೆ ಜನರ ಮಾತಿನಲ್ಲಿ ಮುಳುಗಿಹೋಗುತ್ತೆ. ಮಿಕ್ಸಿಂಗ್ ಆಗೋದು ಫೇಡರ್ (ಸದ್ದಿನ ಮಟ್ಟ ಹೊಂದಿಸೋ ಗುಂಡಿ) 7ರಲ್ಲಿ, ಎಷ್ಟೋ ಹಾಲ್‌ಗಳು ಓಡಿಸೋದು 5ರ ಆಸುಪಾಸಿನಲ್ಲಿ. ಮೊದಲು ತಾಳವೋ ಹಿತ್ತಾಳೆ ವಾದ್ಯವೋ ಬರಲಿ, ಜನರ ಸದ್ದು ಅಡಗಿದ ಮೇಲೆ ಮೆಲುದನಿ.

ಇಂಟರ್ವಲ್‌ನಲ್ಲಿ ಪರದೆ ಮೇಲೆ ಗಡಿಯಾರ ಇರಲೇಬೇಕು. 2024ರ 'ದಿ ಬ್ರೂಟಲಿಸ್ಟ್' ಇದನ್ನ ಸರಿಯಾಗಿ ಮಾಡಿತು: ಹದಿನೈದು ನಿಮಿಷದ ಎಣಿಕೆ ಸಿನಿಮಾದ ಒಳಗೇ ಇದೆ, ಒಟ್ಟು 215 ನಿಮಿಷದಲ್ಲಿ ಅದೂ ಸೇರಿದೆ. ಹದಿನೈದಕ್ಕಿಂತ ಕಡಿಮೆ ಮಾಡಬೇಡಿ. ಹತ್ತು ಶೌಚಾಲಯ, ಒಬ್ಬರಿಗೆ ಒಂದೂವರೆ ನಿಮಿಷ ಅಂದ್ರೆ ಹದಿನೈದು ನಿಮಿಷಕ್ಕೆ ನೂರೇ ಜನ. ಪಕ್ಕದ ಪರದೆಯ ಇಂಟರ್ವಲ್ ಅದೇ ಹೊತ್ತಿಗೆ ಬಂದ್ರೆ ಕೆಲಸ ಕೆಟ್ಟಿತು. ಎರಡು ಪರದೆಗಳ ಆಟ ಶುರುವಾಗೋ ಹೊತ್ತಿನ ನಡುವೆ ಕನಿಷ್ಠ 20 ನಿಮಿಷ ಅಂತರ ಇಡಿ.

ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಆಂಟ್ರಾಕ್ಟ್. ಜರ್ಮನಿಯ ಬೈರಾಯ್ಟ್‌ನಲ್ಲಿ, ಒಪೆರಾ ಅನ್ನೋ ಸಂಗೀತ ನಾಟಕಗಳನ್ನ ರಚಿಸಿದ ವಾಗ್ನರ್ ಕಟ್ಟಿಸಿದ ರಂಗಮಂದಿರದಲ್ಲಿ, ಪ್ರತಿ ಅಂಕಕ್ಕೆ ಮೊದಲು ವಾದಕರು ಮಹಡಿಯ ಮೊಗಸಾಲೆಗೆ ಬಂದು ಮುಂದಿನ ಅಂಕದ್ದೇ ಒಂದು ತುಣುಕು ಊದ್ತಾರೆ. ಹದಿನೈದು ನಿಮಿಷ ಇರುವಾಗ ಒಂದು ಸಲ, ಹತ್ತು ಇರುವಾಗ ಎರಡು, ಐದು ಇರುವಾಗ ಮೂರು. ಸಿನಿಮಾಗೂ ಅದೇ ಸೂತ್ರ ಸಾಕು: ಹನ್ನೆರಡು ನಿಮಿಷ ಬರೀ ಗಡಿಯಾರ, ಕೊನೇ ಮೂರು ನಿಮಿಷ ಸಂಗೀತ, ಅದು ಹೊರಗಿನ ಹಜಾರದ ಸ್ಪೀಕರ್‌ನಲ್ಲೂ ಕೇಳಿಸಲಿ. ಎರಡನೇ ಭಾಗದ ಮೊದಲ ಅರ್ಧ ನಿಮಿಷದಲ್ಲಿ ಕಥೆಗೆ ಬೇಕಾದ ಯಾವ ಮಾತನ್ನೂ ಇಡಬೇಡಿ. ಆಗಿನ್ನೂ ಯಾರೋ ಕಾಲು ಸರಿಸಿ ಅಂತ ಕೇಳ್ತಾ ಸಾಲಿನೊಳಗೆ ಬರ್ತಿರ್ತಾರೆ.